ದೂರವಲ್ಲ, ಗಂಟೆ ಎಣಿಸಿ: ಘಟ್ಟ, ಕರಾವಳಿ, ಬಯಲುಸೀಮೆಯ ಏಳು ದಿನಗಳ ಬೈಕ್ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ಬೈಕಿನಲ್ಲಿ ದೂರದೂರಿಗೆ ಹೊರಡುವವರು ಮೊದಲು ಕೇಳುವುದು ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸಬಹುದು ಎಂದು. ಈ ಪ್ರಶ್ನೆಯಲ್ಲೇ ತೊಡಕಿದೆ. ನೆಲಮಂಗಲದಿಂದ ಹಾಸನದ ಕಡೆಗಿನ ನಾಲ್ಕು ಪಥದ ಹೆದ್ದಾರಿಯಲ್ಲಿ ಒಂದೂಕಾಲು ಗಂಟೆಯಲ್ಲಿ ಮುಗಿಯುವ 75 ಕಿ.ಮೀ., ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದು ಅಂಕೋಲೆ ಸೇರುವ ಹಾದಿಯಲ್ಲಿ ಎರಡು ಗಂಟೆಯನ್ನು ನುಂಗುತ್ತದೆ. ಮುಂದೆ ಲಾರಿಗಳ ಸಾಲು ಸಿಕ್ಕರೆ ಇನ್ನೂ ಹೆಚ್ಚು. ನನ್ನ ಮೊದಲ ದೂರ ಪ್ರಯಾಣದಲ್ಲಿ ಬೆಂಗಳೂರಿನಿಂದ ಹಾವೇರಿ, ಶಿರಸಿ, ಕುಮಟಾ ಮಾರ್ಗವಾಗಿ ಗೋಕರ್ಣಕ್ಕೆ ಒಂದೇ ದಿನದಲ್ಲಿ ಹೋಗಿಬಿಡಬೇಕೆಂದು ಹೊರಟಿದ್ದೆ. ಸುಮಾರು 500 ಕಿ.ಮೀ. ಎಂಬುದು ಕಾಗದದ ಮೇಲೆ ಏನೂ ಅಲ್ಲವೆನಿಸಿತ್ತು. ಬೆಳಿಗ್ಗೆ 8ಕ್ಕೆ ಮನೆ ಬಿಟ್ಟವನಿಗೆ ದೇವಿಮನೆ ಘಟ್ಟ ಸಿಕ್ಕಿದ್ದು ಕತ್ತಲಾದ ಮೇಲೆ. ಆ ಘಟ್ಟದ ಕಾಡಿನ ಬಗ್ಗೆ ಇವತ್ತಿಗೂ ಆ ದಿನದ ನೆನಪೆಂದರೆ ಹೆಡ್‌ಲೈಟಿನ ಬೆಳಕು ಬಿದ್ದ ಹತ್ತು ಮಾರು ರಸ್ತೆ ಮಾತ್ರ.

ಆದ್ದರಿಂದ ಈ ಬರಹದಲ್ಲಿ ಪ್ರವಾಸವನ್ನು ಗಂಟೆಗಳಲ್ಲಿ ಅಳೆಯುವ ಕ್ರಮವನ್ನೇ ಆಧಾರವಾಗಿಟ್ಟುಕೊಂಡಿದ್ದೇನೆ. ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಬೆಂಗಳೂರು, ಸಕಲೇಶಪುರ, ಉಡುಪಿ, ಗೋಕರ್ಣ, ಯಲ್ಲಾಪುರ, ಚಿತ್ರದುರ್ಗ, ಮರಳಿ ಬೆಂಗಳೂರು ಎಂಬ ಸುಮಾರು 1,150 ಕಿ.ಮೀ. ಸುತ್ತು. ನಾಲ್ಕು ಪಥದ ಹೆದ್ದಾರಿ, ಕಾಂಕ್ರೀಟಿನ ಘಟ್ಟ, ಸಮುದ್ರದ ಗಾಳಿ, ಕಾಡಿನ ಎರಡು ಪಥದ ರಸ್ತೆ ಎಲ್ಲವೂ ಒಂದೇ ಸುತ್ತಿನಲ್ಲಿ ದೊರೆಯುವುದರಿಂದ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಲಡಾಖಿನ ಕನಸು ಕಾಣುತ್ತಿರುವವರು ಮೊದಲು ಇದನ್ನು ಮುಗಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ.

ದಿನದ ಲೆಕ್ಕ ಹಾಕುವ ಕ್ರಮ

ನಾಲ್ಕು ಪಥದ ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ., ಊರುಗಳನ್ನು ಹಾಯ್ದು ಹೋಗುವ ರಸ್ತೆಯಲ್ಲಿ 45, ಘಟ್ಟದಲ್ಲಿ 25ರಿಂದ 30 ಎಂದು ಸರಾಸರಿ ಹಿಡಿಯಿರಿ. ಸ್ಪೀಡೋಮೀಟರ್ ತೋರಿಸುವ ವೇಗ ಬೇರೆ, ಗಂಟೆಯ ಕೊನೆಯಲ್ಲಿ ನಿಜವಾಗಿ ಸಾಗಿದ ದೂರ ಬೇರೆ ಎಂಬುದನ್ನು ಮರೆಯಬಾರದು. ಹೀಗೆ ಬಂದ ಮೊತ್ತಕ್ಕೆ ತಿಂಡಿ, ಚಹಾ, ಪೆಟ್ರೋಲ್ ಮತ್ತು ಫೋಟೋಗಳಿಗಾಗಿ ಮೂರನೆಯ ಒಂದು ಭಾಗದಷ್ಟು ಸಮಯವನ್ನು ಸೇರಿಸಿ. ಸಕಲೇಶಪುರದಿಂದ ಶಿರಾಡಿ ಘಟ್ಟ ಇಳಿದು, ಮಂಗಳೂರಿನ ಮೇಲೆ ಉಡುಪಿ ಸೇರುವ ದಿನವನ್ನೇ ತೆಗೆದುಕೊಳ್ಳಿ. ದೂರ ಸುಮಾರು 180 ಕಿ.ಮೀ.; ಅದರಲ್ಲಿ 40 ಕಿ.ಮೀ. ಘಟ್ಟವೆಂದು ಹಿಡಿದರೆ ಒಂದೂವರೆ ಗಂಟೆ, ಉಳಿದ 140ಕ್ಕೆ ಮೂರು ಗಂಟೆಗೂ ಸ್ವಲ್ಪ ಹೆಚ್ಚು, ನಿಲುಗಡೆ ಸೇರಿ ಆರು ಗಂಟೆ. ಬೆಳಿಗ್ಗೆ 7ಕ್ಕೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಉಡುಪಿಯಲ್ಲಿರುತ್ತೀರಿ, ಸಂಜೆ ಮಲ್ಪೆಯ ಕಡಲತೀರ ನಿಮ್ಮದಾಗುತ್ತದೆ.

ಏಳು ದಿನಗಳ ಹಂಚಿಕೆ ಹೀಗಿರಲಿ. ಮೊದಲ ದಿನ ಬೆಂಗಳೂರಿನಿಂದ ಸಕಲೇಶಪುರದವರೆಗಿನ ಸುಮಾರು 220 ಕಿ.ಮೀ.; ಎರಡನೆಯ ದಿನ ಉಡುಪಿ; ಮೂರನೆಯ ದಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮರವಂತೆ, ಭಟ್ಕಳ, ಹೊನ್ನಾವರದ ಮೇಲೆ ಗೋಕರ್ಣಕ್ಕೆ ಸುಮಾರು 180 ಕಿ.ಮೀ. ನಾಲ್ಕನೆಯ ದಿನ ಗಾಡಿಯನ್ನು ಮುಟ್ಟಬೇಡಿ. ಐದನೆಯ ದಿನ ಅಂಕೋಲೆಯಿಂದ ಘಟ್ಟ ಹತ್ತಿ ಯಲ್ಲಾಪುರ, ನೂರು ಕಿ.ಮೀ. ಮಾತ್ರವಾದ್ದರಿಂದ ಮಾಗೋಡು ಜಲಪಾತಕ್ಕೆ ಹೋಗಿಬರಲು ಸಮಯ ಉಳಿಯುತ್ತದೆ. ಆರನೆಯ ದಿನ ಹುಬ್ಬಳ್ಳಿ, ಹಾವೇರಿ, ದಾವಣಗೆರೆಯ ಮೇಲೆ ಚಿತ್ರದುರ್ಗಕ್ಕೆ ಸುಮಾರು 280 ಕಿ.ಮೀ.; ಸುತ್ತಿನ ಅತಿ ಉದ್ದದ ದಿನ ಇದೇ ಆದರೂ ಹುಬ್ಬಳ್ಳಿಯಿಂದಾಚೆಗೆ ಎಲ್ಲವೂ ಅಗಲವಾದ ಹೆದ್ದಾರಿ. ಏಳನೆಯ ದಿನ ಬೆಳಗಿನ ತಂಪಿನಲ್ಲಿ ಕೋಟೆ ಹತ್ತಿ ಇಳಿದು, ಉಳಿದ 200 ಕಿ.ಮೀ. ಮುಗಿಸಿ ಮನೆ.

ನಾಲ್ಕನೆಯ ದಿನದ ಬಿಡುವನ್ನು ಕಂಡು "ಒಂದು ದಿನ ವ್ಯರ್ಥ" ಎನ್ನುವ ಗೆಳೆಯರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಮಳೆಯೋ ಜ್ವರವೋ ಕೆಟ್ಟುನಿಂತ ಗಾಡಿಯೋ ಒಂದು ದಿನವನ್ನು ಕಸಿದುಕೊಂಡಾಗ ಉಳಿದ ದಿನಗಳನ್ನು ಕಾಯುವುದು ಆ ಬಿಡುವೇ. ಏನೂ ಆಗದಿದ್ದರೆ ಕುಡ್ಲೆ ತೀರದಿಂದ ಓಂ ತೀರಕ್ಕೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ನಡೆದುಹೋಗಬಹುದು.

ಋತು ಮತ್ತು ರಸ್ತೆಯ ನಿಯಮ

ಈ ಸುತ್ತಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗಿನ ಕಾಲ ಪ್ರಶಸ್ತ. ಮಾರ್ಚ್ ಬಳಿಕ ಕರಾವಳಿಯ ಸೆಕೆಯಲ್ಲಿ ಜಾಕೆಟ್ ತೊಟ್ಟು ಓಡಿಸುವುದು ಶಿಕ್ಷೆಯೇ ಸರಿ. ಮಳೆಗಾಲದ ಘಟ್ಟದ ಚೆಲುವನ್ನು ಅಲ್ಲಗಳೆಯುವಂತಿಲ್ಲ, ಆದರೆ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ಹೆದ್ದಾರಿ 66ರ ಮೇಲೆ. ಅದಾದ ಮೂರು ವಾರಕ್ಕೆ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವುದೇ ಆದರೆ ಹಿಂದಿನ ಸಂಜೆ ಆಯಾ ಜಿಲ್ಲೆಯ ಮಳೆಯ ಎಚ್ಚರಿಕೆಯನ್ನೂ ಘಟ್ಟ ತೆರೆದಿದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಿ. ಶಿರಾಡಿ ಮುಚ್ಚಿದ್ದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಟ್ಟ ಇಳಿಯುವುದು ಒಂದು ದಾರಿ. ಅಲ್ಲಿನ ಮಂಜು ಕೆಲವೊಮ್ಮೆ ಮುಂದಿನ ತಿರುವನ್ನೇ ಮರೆಮಾಡುವುದರಿಂದ ಅದಕ್ಕೂ ಹಗಲನ್ನೇ ಆರಿಸಿಕೊಳ್ಳಬೇಕು.

ಮಾರ್ಗವನ್ನು ಬದಲಿಸಿಕೊಳ್ಳುವವರು ದ್ವಿಚಕ್ರ ವಾಹನಗಳಿಗೆ ಇರುವ ನಿರ್ಬಂಧಗಳನ್ನು ಮೊದಲೇ ತಿಳಿದಿರಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಸಾಗಬೇಕು, ಅದಕ್ಕೆ ತಕ್ಕಂತೆ ಗಂಟೆಯ ಲೆಕ್ಕವೂ ಬದಲಾಗುತ್ತದೆ. ಬಂಡೀಪುರದ ಕಾಡಿನ ಮೂಲಕ ಕೇರಳಕ್ಕೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಬೈಕಿಗೆ ಶುಲ್ಕವಿಲ್ಲ. ಎಡ ಅಂಚಿನ ಕಿರಿದಾದ ದಾರಿಯಲ್ಲಿ ಹಾದುಹೋಗಬೇಕು. ಅಲ್ಲಿ ಮರಳು, ಚೆಲ್ಲಿದ ಆಯಿಲ್ ಮತ್ತು ಎದುರಿನಿಂದ ಬರುವ ಸ್ಥಳೀಯ ಬೈಕುಗಳು ಮೂರೂ ಒಟ್ಟಿಗೆ ಸಿಗುತ್ತವೆ.

ಗಾಡಿಯ ತಯಾರಿ

ಹೊಸ ಬೈಕನ್ನೋ ದೊಡ್ಡ ಎಂಜಿನ್ನನ್ನೋ ಕೊಳ್ಳುವ ಅಗತ್ಯವಿಲ್ಲ. ಈಗ ನಿಮ್ಮಲ್ಲಿರುವ 150 ಸಿ.ಸಿ. ಗಾಡಿ ಈ ಸುತ್ತಿಗೆ ಧಾರಾಳವಾಗಿ ಸಾಕು; ಅದರ ಸದ್ದು, ಬ್ರೇಕಿನ ಸ್ವಭಾವ ನಿಮಗೆ ಗೊತ್ತಿರುವುದೇ ದೊಡ್ಡ ಅನುಕೂಲ. ಸರ್ವಿಸನ್ನು ಹೊರಡುವ ಹಿಂದಿನ ದಿನ ಮಾಡಿಸುವುದು ಹಲವರ ತಪ್ಪು. ಹತ್ತು ದಿನ ಮೊದಲೇ ಮಾಡಿಸಿ, ಆಮೇಲೆ ನಂದಿಬೆಟ್ಟಕ್ಕೋ ಶಿವಗಂಗೆಗೋ ನೂರು ಕಿ.ಮೀ. ಓಡಿಸಿ ನೋಡಿ. ಬಿಗಿ ಮಾಡದೆ ಬಿಟ್ಟ ಆಯಿಲ್ ಬೋಲ್ಟು ಆಗಲೇ ಬೆಳಕಿಗೆ ಬರುತ್ತದೆ. ಒಮ್ಮೆ ನನ್ನ ಗಾಡಿಯ ಹಿಂಚಕ್ರದ ನಟ್ ಸಡಿಲವಾಗಿದ್ದುದು ಗೊತ್ತಾದದ್ದು ಇಂಥದೇ ಒಂದು ಪರೀಕ್ಷೆಯ ಓಟದಲ್ಲಿ, ಅದೂ ಮನೆಯಿಂದ 15 ಕಿ.ಮೀ. ದೂರದಲ್ಲಿ, ಶಿರಾಡಿಯ ನಡುವೆ ಗೊತ್ತಾಗಿದ್ದರೆ ಏನಾಗುತ್ತಿತ್ತೆಂದು ಊಹಿಸಲೂ ಮನಸ್ಸಾಗುವುದಿಲ್ಲ.

ಮೆಕ್ಯಾನಿಕ್‌ನ ಮುಂದೆ ನಿಂತು ನೋಡಬೇಕಾದದ್ದು ಇಷ್ಟು: ಎಂಜಿನ್ ಆಯಿಲ್, ಏರ್ ಫಿಲ್ಟರ್, ಬ್ರೇಕ್ ಪ್ಯಾಡುಗಳಲ್ಲಿ ಉಳಿದಿರುವ ದಪ್ಪ, ಬ್ರೇಕ್ ಆಯಿಲ್‌ನ ಮಟ್ಟ ಮತ್ತು ಬಣ್ಣ, ಬ್ಯಾಟರಿ, ಎಲ್ಲ ದೀಪಗಳು, ಚೈನಿನ ಸಡಿಲ. ಚೈನು ಎಷ್ಟು ಆಡಬೇಕೆಂಬುದು ಗಾಡಿಯಿಂದ ಗಾಡಿಗೆ ಬೇರೆ. ಕೈಪಿಡಿಯಲ್ಲಿರುವ ಅಳತೆಯನ್ನೇ ನಂಬಿ. ತುಂಬಾ ಬಿಗಿಯಾದ ಚೈನು ಸಡಿಲವಾದುದಕ್ಕಿಂತ ಅಪಾಯಕಾರಿ, ಏಕೆಂದರೆ ಹಿಂದೆ ಲಗೇಜು ಅಥವಾ ಸವಾರರು ಕುಳಿತಾಗ ಅದು ಇನ್ನಷ್ಟು ಬಿಗಿಯುತ್ತದೆ. ದಾರಿಯಲ್ಲಿ ಪ್ರತಿ 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದರೆ ಅಂದೇ ಸಂಜೆ, ಚೈನನ್ನು ಒರೆಸಿ ಲ್ಯೂಬ್ ಹಾಕಿ. ಗಾಡಿ ಬಿಸಿಯಿರುವಾಗ ಹಾಕಿದರೆ ಒಳಗಿಳಿಯುತ್ತದೆ. ಆದರೆ ಎಂಜಿನ್ ಚಾಲೂ ಇಟ್ಟು, ಗೇರಿನಲ್ಲಿ ಚಕ್ರ ತಿರುಗಿಸುತ್ತಾ ಎಂದೂ ಚೈನ್ ಒರೆಸಬೇಡಿ, ಬೆರಳು ಕಳೆದುಕೊಂಡವರಿದ್ದಾರೆ.

ಟಯರುಗಳ ಗಾಳಿಯನ್ನು ಬೆಳಿಗ್ಗೆ, ಟಯರ್ ತಣ್ಣಗಿರುವಾಗ ನೋಡಬೇಕು. ಓಡಿಸಿ ಬಿಸಿಯಾದ ಟಯರಿನಲ್ಲಿ ಒತ್ತಡ ಹೆಚ್ಚಾಗಿಯೇ ಕಾಣುವುದರಿಂದ, ಅದನ್ನು ಕಂಡು ಗಾಳಿ ತೆಗೆಸಿದರೆ ಮರುದಿನ ಟಯರ್ ಮೆತ್ತಗಾಗಿರುತ್ತದೆ. ಟ್ಯೂಬ್‌ಲೆಸ್ ಟಯರಾದರೆ ಪಂಕ್ಚರ್ ಕಿಟ್ ಮತ್ತು ಒಂದು ಸಣ್ಣ ಪಂಪು ಸಾಕು. ಮನೆಯ ಮುಂದೆ ಒಮ್ಮೆ ಹಳೆಯ ಟಯರಿಗೆ ಮೊಳೆ ಹೊಡೆದು, ನೀವೇ ಸರಿಪಡಿಸಿ ಕಲಿತುಕೊಳ್ಳಿ. ಕಡ್ಡಿಚಕ್ರದ ಟ್ಯೂಬ್ ಟಯರಾದರೆ ಹಿಂದಿನದೊಂದು, ಮುಂದಿನದೊಂದು ಹೊಸ ಟ್ಯೂಬ್ ಜೊತೆಗಿರಲಿ. ಪಂಕ್ಚರ್ ಅಂಗಡಿಗಳು ಎಲ್ಲೆಡೆ ಇವೆ, ಆದರೆ ನಿಮ್ಮ ಅಳತೆಯ ಟ್ಯೂಬು ಅಲ್ಲಿರುತ್ತದೆಂಬ ಭರವಸೆಯಿಲ್ಲ. ಇವುಗಳ ಜೊತೆಗೆ ಒಂದು ಕ್ಲಚ್ ಕೇಬಲ್, ಸ್ಪಾರ್ಕ್ ಪ್ಲಗ್, ಎರಡು ಫ್ಯೂಸ್, ಹೆಡ್‌ಲೈಟ್ ಬಲ್ಬು, ಇನ್ಸುಲೇಶನ್ ಟೇಪು, ಎಂ-ಸೀಲ್ ಇಟ್ಟುಕೊಂಡರೆ ಸಾಕು. ಕ್ಲಚ್ ಕೇಬಲನ್ನು ಡಬ್ಬದಲ್ಲಿಡುವ ಬದಲು ಹಳೆಯ ಕೇಬಲಿನ ಪಕ್ಕದಲ್ಲೇ ಕಟ್ಟಿಕೊಂಡು ಹೋಗುವ ಪದ್ಧತಿ ಬಲು ಜಾಣತನದ್ದು. ತುಂಡಾದಾಗ ಎರಡು ತುದಿ ಸಿಕ್ಕಿಸಿದರೆ ಕೆಲಸ ಮುಗಿಯಿತು.

ಪೆಟ್ರೋಲಿನ ವಿಷಯ ಸರಳ. ಲೀಟರಿಗೆ 35 ಕಿ.ಮೀ. ಕೊಡುವ, 12 ಲೀಟರ್ ಹಿಡಿಯುವ ಗಾಡಿ 420 ಕಿ.ಮೀ. ಓಡಬಲ್ಲದು, ಆದರೂ ಟ್ಯಾಂಕು ಅರ್ಧವಾದಾಗ ತುಂಬಿಸಿ. ಅಂಕೋಲೆ ಬಿಡುವ ಮುನ್ನ ಒಮ್ಮೆ ಕಡ್ಡಾಯವಾಗಿ ತುಂಬಿಸಿಕೊಳ್ಳಿ.

ಲಗೇಜು, ಉಡುಪು, ಕಾಗದಪತ್ರ

ಭಾರವೆಲ್ಲ ಕೆಳಗೆ, ಸವಾರನಿಗೆ ಹತ್ತಿರವಾಗಿ ಕೂರಬೇಕು. ಉಪಕರಣಗಳು ಸ್ಯಾಡಲ್ ಬ್ಯಾಗಿನ ತಳಕ್ಕೆ, ಬಟ್ಟೆಗಳು ಮೇಲಕ್ಕೆ. ಎಡಬಲದ ತೂಕ ಸಮವಾಗಿರಲಿ, ಸೈಲೆನ್ಸರಿಗೆ ಚೀಲ ತಾಗದಿರಲಿ. ಬೆನ್ನಿಗೆ ಚೀಲ ಹೊತ್ತು ದಿನವಿಡೀ ಓಡಿಸಿದವನ ಭುಜ ಮೂರನೆಯ ದಿನಕ್ಕೆ ಸೋಲುತ್ತದೆ. ಚೀಲಕ್ಕೆ ಮಳೆಗವಸು ಇದ್ದರೂ ಒಳಗಿನ ಬಟ್ಟೆಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಮೂರು ಜೊತೆ ಬಟ್ಟೆ ಏಳು ದಿನಕ್ಕೆ ಸಾಕು, ಒಗೆದು ಹಾಕಿದರೆ ರಾತ್ರಿಯಲ್ಲಿ ಒಣಗುವಂಥವಾಗಿದ್ದರೆ.

ಐ.ಎಸ್.ಐ. ಗುರುತಿರುವ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಭುಜ, ಮೊಣಕೈಗಳಿಗೆ ರಕ್ಷಾಫಲಕವಿರುವ ಜಾಕೆಟ್, ಬೆರಳು ಮುಚ್ಚುವ ಗ್ಲೌಸ್, ಕಣಕಾಲು ಮುಚ್ಚುವ ಬೂಟುಗಳ ವಿಷಯದಲ್ಲಿ ರಾಜಿ ಬೇಡ. ಹಿಂದೆ ಕೂರುವವರಿಗೂ ಇದೆಲ್ಲ ಇರಲಿ. ಗಾಳಿಯ ಸದ್ದು ತಡೆಯುವ ಇಯರ್‌ಪ್ಲಗ್ ಬಗ್ಗೆ ನಮ್ಮಲ್ಲಿ ಯಾರೂ ಹೆಚ್ಚು ಮಾತನಾಡುವುದಿಲ್ಲ. ಹೆಲ್ಮೆಟ್ಟಿನೊಳಗೆ ಐದಾರು ಗಂಟೆ ಮೊರೆಯುವ ಗಾಳಿಯಿಂದಾಗುವ ದಣಿವು ಎಷ್ಟೆಂಬುದು ಅದನ್ನು ಹಾಕಿಕೊಂಡು ಓಡಿಸಿದ ದಿನವೇ ತಿಳಿಯುವುದು.

ಡ್ರೈವಿಂಗ್ ಲೈಸೆನ್ಸ್, ಆರ್.ಸಿ., ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರಗಳನ್ನು ಡಿಜಿಲಾಕರ್‌ನಲ್ಲಿ ತೋರಿಸಿದರೂ ಮಾನ್ಯವೇ. ಘಟ್ಟಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲವಾದ್ದರಿಂದ ಪ್ರತಿಗಳೂ ಇರಲಿ, ಮ್ಯಾಪನ್ನು ಮೊದಲೇ ಇಳಿಸಿಕೊಂಡಿರಿ. ಜೇಬಿನಲ್ಲಿ ರಕ್ತದ ಗುಂಪು ಮತ್ತು ಮನೆಯವರ ಎರಡು ನಂಬರುಗಳನ್ನು ಬರೆದ ಚೀಟಿಯಿರಲಿ. ಲಾಕ್ ಆಗಿರುವ ಫೋನಿನಿಂದ ಸಹಾಯಕ್ಕೆ ಬಂದವರಿಗೆ ಉಪಯೋಗವಿಲ್ಲ.

ರಸ್ತೆಯ ಮೇಲೆ

ಬೆಂಗಳೂರನ್ನು ಬೆಳಿಗ್ಗೆ 6ರೊಳಗೆ ದಾಟಿ ನೆಲಮಂಗಲ ಸೇರಿದರೆ ಇಡೀ ದಿನ ಹಗುರ. ಮೊದಲ ನಿಲುಗಡೆ 80 ಕಿ.ಮೀ.ಗೆ, ಆಮೇಲೆ ಒಂದೂವರೆ ಗಂಟೆಗೊಮ್ಮೆ, ದಣಿವಾಗಿಲ್ಲವೆನಿಸಿದರೂ ನಿಲ್ಲಿಸಿ ಇಳಿಯಿರಿ. ದಣಿವು ಬಂದದ್ದು ಸವಾರನಿಗೆ ತಡವಾಗಿ ತಿಳಿಯುತ್ತದೆ. ಗೇರ್ ಬದಲಿಸಲು ಸೋಮಾರಿತನ, ಹಿಂದಿನ ಊರಿನ ಹೆಸರು ನೆನಪಾಗದಿರುವುದು, ಹಂಪ್ ಕಂಡೂ ವೇಗ ತಗ್ಗಿಸದಿರುವುದು ಅದರ ಮುನ್ಸೂಚನೆಗಳು. ಮಧ್ಯಾಹ್ನ ಅನ್ನದ ಊಟ ಹೊಟ್ಟೆ ತುಂಬ ಮಾಡಿದರೆ ಎರಡು ಗಂಟೆಯ ಹೊತ್ತಿಗೆ ಜೊಂಪು ಹತ್ತುವುದು ಖಂಡಿತ. ಓಡಿಸುವ ದಿನ ಇಡ್ಲಿ, ನೀರ್ ದೋಸೆ, ಮೊಸರು, ಬಾಳೆಹಣ್ಣು ಸಾಕು. ಮೀನೂಟಕ್ಕೆ ಗಾಡಿ ನಿಲ್ಲಿಸಿದ ಸಂಜೆಯಿದೆ. ಕರಾವಳಿಯಲ್ಲಿ ಬೆವರಿ ಹೋಗುವ ಉಪ್ಪಿಗೆ ಎಳನೀರು ಅಥವಾ ಓ.ಆರ್.ಎಸ್. ಬೇಕು, ಬರಿಯ ನೀರು ಸಾಲದು.

ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದಾಗ ಸೆಕೆಂಡಿಗೆ 22 ಮೀಟರ್ ಸಾಗುತ್ತಿರುತ್ತೀರಿ. ಅಪಾಯ ಕಂಡು ಬ್ರೇಕಿಗೆ ಕೈ ಹೋಗುವಷ್ಟರಲ್ಲೇ ಬಸ್ಸಿನ ಎರಡು ಉದ್ದದಷ್ಟು ದೂರ ಮುಗಿದಿರುತ್ತದೆ. ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ಎರಡು ಸೆಕೆಂಡ್ ಎಣಿಸಿ ನೀವು ಅಲ್ಲಿಗೆ ಬರುವಷ್ಟು ಅಂತರವಿರಲಿ, ಮಳೆಯಲ್ಲಿ ನಾಲ್ಕು. ಮಳೆ ಶುರುವಾದ ಮೊದಲ ಅರ್ಧ ಗಂಟೆ ರಸ್ತೆಯ ಮೇಲಿನ ಧೂಳು, ಆಯಿಲ್ ಸೇರಿ ಜಾರುತ್ತದೆ. ಅಷ್ಟು ಹೊತ್ತು ಚಹಾ ಕುಡಿಯುವುದೇ ಲೇಸು.

ನಮ್ಮ ರಸ್ತೆಗಳಿಗೇ ಸೇರಿದ ಅಪಾಯವೊಂದನ್ನು ಹೊರಗಿನ ಯಾವ ಮಾರ್ಗದರ್ಶಿಯೂ ಹೇಳುವುದಿಲ್ಲ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಬಯಲುಸೀಮೆಯ ಹಳ್ಳಿಗಳಲ್ಲಿ ರಾಗಿ, ಹುರುಳಿಯ ಒಕ್ಕಣೆ ಡಾಂಬರು ರಸ್ತೆಯ ಮೇಲೆಯೇ ನಡೆಯುತ್ತದೆ. ಹೆದ್ದಾರಿ ಬಿಟ್ಟು ಅಡ್ಡದಾರಿ ಹಿಡಿದಾಗ ಇದು ಸಿಕ್ಕೇ ಸಿಗುತ್ತದೆ. ಹುಲ್ಲಿನ ಕೆಳಗೆ ಉದುರಿದ ಹುರುಳಿಕಾಳು ಚಕ್ರಕ್ಕೆ ಗೋಲಿಗಳಿದ್ದಂತೆ. ಹುರುಳಿಯ ಬಳ್ಳಿ ಹಿಂಚಕ್ರ, ಚೈನುಗಳಿಗೆ ಸುತ್ತಿಕೊಳ್ಳುವುದೂ ಉಂಟು. ಮೊದಲೇ ವೇಗ ತಗ್ಗಿಸಿ, ಹ್ಯಾಂಡಲನ್ನು ನೇರವಾಗಿ ಹಿಡಿದು, ಅದರ ಮೇಲೆ ಬ್ರೇಕ್ ಹಿಡಿಯದೆ ದಾಟಿ. ಕತ್ತಲಲ್ಲಿ ಕಬ್ಬು ತುಂಬಿದ, ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು ಬೇರೆ. ಡಿಸೆಂಬರಿನಲ್ಲಿ ಸಂಜೆ 6 ದಾಟುತ್ತಿದ್ದಂತೆ ಬೆಳಕು ಇಳಿಯುವುದರಿಂದ 5ಕ್ಕೇ ರೂಮು ಸೇರಿಕೊಳ್ಳಿ.

ಘಟ್ಟದಲ್ಲಿ ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಸುವವರು ಬ್ರೇಕನ್ನು ಕಾಯಿಸಿಕೊಂಡು, ಅದು ಹಿಡಿಯದಿದ್ದಾಗ ಎಚ್ಚರಗೊಳ್ಳುತ್ತಾರೆ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ತಿರುವಿನೊಳಗೆ ನವಿರಾಗಿ ಆಕ್ಸಿಲೇಟರ್ ಕೊಡುತ್ತಾ, ದೃಷ್ಟಿಯನ್ನು ರಸ್ತೆ ಬಿಚ್ಚಿಕೊಳ್ಳುವ ಕಡೆಗೆ ನೆಡಿ. ಗಾಡಿ ಕಣ್ಣು ಹೋದಲ್ಲಿಗೇ ಹೋಗುತ್ತದೆ, ಕಂದಕವನ್ನು ನೋಡಿದರೆ ಕಂದಕದ ಕಡೆಗೇ. ಬಲ ತಿರುವಿನಲ್ಲಿ ಚಕ್ರ ನಿಮ್ಮ ಪಥದಲ್ಲಿದ್ದರೂ ವಾಲಿದ ತಲೆ ನಡುಗೆರೆ ದಾಟಿರುತ್ತದೆಂಬ ಎಚ್ಚರವಿರಲಿ. ಹೇರ್‌ಪಿನ್ ತಿರುವಿನಲ್ಲಿ ಮೇಲೆ ಬರುವ ಬಸ್ಸಿಗೆ ಇಡೀ ರಸ್ತೆ ಬೇಕು. ಹತ್ತುವ ವಾಹನಕ್ಕೇ ಮೊದಲ ಹಕ್ಕು, ಹಾಗಾಗಿ ಸದ್ದು ಕೇಳಿದೊಡನೆ ನಿಂತುಬಿಡಿ. ಶಿರಾಡಿಯಲ್ಲಿ ಮಂಗಳೂರಿನ ಕಡೆಗೆ ಇಳಿಯುವ ಟ್ಯಾಂಕರುಗಳ ಸಾಲಿನ ಹಿಂದೆ ಸಿಕ್ಕಿಕೊಂಡರೆ ನುಸುಳಿ ಮುಂದೆ ಹೋಗುವ ಆಸೆಗೆ ಬೀಳಬೇಡಿ. ನಿಮ್ಮ ಲೆಕ್ಕದಲ್ಲಿ ಗಂಟೆಗೆ 30 ಕಿ.ಮೀ. ಮಾತ್ರ ಇದ್ದುದರಿಂದ ತಡವೇನೂ ಆಗಿರುವುದಿಲ್ಲ.

ಕರಾವಳಿಯ ಹೆದ್ದಾರಿ ಸಲೀಸು, ಆದರೆ ಹೊನ್ನಾವರದಲ್ಲಿ ಶರಾವತಿಯ ಮೇಲಿನ ಉದ್ದ ಸೇತುವೆಯಂಥಲ್ಲಿ ಅಡ್ಡಗಾಳಿ ಗಾಡಿಯನ್ನು ತಳ್ಳುತ್ತದೆ. ಹ್ಯಾಂಡಲನ್ನು ಬಿಗಿಹಿಡಿದಷ್ಟೂ ಅದು ಓಲಾಡುತ್ತದೆ. ತೋಳು ಸಡಿಲವಾಗಿಟ್ಟು ಮೊಣಕಾಲಿನಿಂದ ಟ್ಯಾಂಕನ್ನು ಹಿಡಿಯಿರಿ. ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಓಡಿಸುತ್ತಲೇ ಎರಡನ್ನೂ ನೋಡಲು ಹೋದವರು ಮುಂದಿನ ಕಾರಿನ ಬೆನ್ನಿಗೆ ಬೀಳುತ್ತಾರೆ, ಆದ್ದರಿಂದ ಇಳಿದೇ ನೋಡಬೇಕು.

ಗುಂಪಾಗಿ ಹೋಗುವವರು

ಐದಾರು ಗಾಡಿಗಳಿಗಿಂತ ಹೆಚ್ಚಿದ್ದರೆ ಎರಡು ತಂಡ ಮಾಡಿ. ದಾರಿ ಗೊತ್ತಿರುವ ಅನುಭವಿ ಮುಂದೆ, ಉಪಕರಣಗಳನ್ನಿಟ್ಟುಕೊಂಡ ಇನ್ನೊಬ್ಬ ಅನುಭವಿ ಕೊನೆಗೆ, ಹೊಸಬ ಮುಂದಾಳುವಿನ ಬೆನ್ನಿಗೆ. ಎಲ್ಲರೂ ಒಂದೇ ಗೆರೆಯಲ್ಲಿರದೆ ಒಬ್ಬ ಎಡಕ್ಕೆ, ಮುಂದಿನವ ಬಲಕ್ಕೆ ಎಂಬಂತೆ ಸಾಗಿದರೆ ಮುಂದಿನ ರಸ್ತೆ ಕಾಣುತ್ತದೆ; ಘಟ್ಟದಲ್ಲಿ ಮಾತ್ರ ಒಂದೇ ಸಾಲು. ದಾರಿ ಕವಲೊಡೆಯುವಲ್ಲಿ ಪ್ರತಿಯೊಬ್ಬನೂ ತನ್ನ ಹಿಂದಿನವನು ಕಾಣುವವರೆಗೆ ನಿಲ್ಲಬೇಕೆಂಬ ಒಂದೇ ನಿಯಮ ಪಾಲಿಸಿದರೆ ಯಾರೂ ದಾರಿ ತಪ್ಪುವುದಿಲ್ಲ, ಯಾರೂ ಮುಂದಿನವನನ್ನು ಹಿಡಿಯಲು ಹುಚ್ಚಾಪಟ್ಟೆ ಓಡಿಸಬೇಕಿಲ್ಲ. ತಂಡದ ವೇಗ ಎಂದಿಗೂ ಅತ್ಯಂತ ನಿಧಾನದವನ ವೇಗವೇ.

ತೊಂದರೆಯಾದಾಗ

ಗಾಡಿ ಕೆಟ್ಟರೆ ಮೊದಲು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ. ಸ್ಟಾರ್ಟ್ ಆಗದಿದ್ದರೆ ಎಂಜಿನ್ ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್, ಫ್ಯೂಸ್, ಬ್ಯಾಟರಿಯ ತಂತಿ ಎಂಬ ಅನುಕ್ರಮದಲ್ಲಿ ನೋಡಿ. ಮೊದಲ ಎರಡರಲ್ಲೇ ನಗೆಪಾಟಲಿಗೀಡಾದವರಲ್ಲಿ ನಾನೂ ಒಬ್ಬ. ಅಪಘಾತವಾದರೆ 112 ಅಥವಾ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ಹೇಳಿದರೆ ಸ್ಥಳ ಬೇಗ ಗೊತ್ತಾಗುತ್ತದೆ. ಬಿದ್ದವನಿಗೆ ಪ್ರಜ್ಞೆಯಿಲ್ಲದಿದ್ದರೆ ಕುತ್ತಿಗೆ ಅಲುಗಿಸಬೇಡಿ. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ಟನ್ನು ತೆಗೆಯುವ ಅವಸರವೂ ಬೇಡ. ದಾರಿಯಲ್ಲಿ ಬೇರೆಯವರ ಅಪಘಾತ ಕಂಡಾಗ ಸಹಾಯಕ್ಕೆ ಹಿಂಜರಿಯುವ ಅಗತ್ಯವಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯೇ ನೆರವಾದವರಿಗೆ ರಕ್ಷಣೆ ಕೊಟ್ಟಿದೆ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ.

ಮರಳಿದ ಮೇಲೆ

ಕೊನೆಯ ದಿನದ ಮಧ್ಯಾಹ್ನ ತುಮಕೂರು ದಾಟಿದ ಮೇಲೆ ಮನಸ್ಸು ಮೊದಲೇ ಮನೆ ಸೇರಿಬಿಟ್ಟಿರುತ್ತದೆ, ಕೈ ಮಾತ್ರ ಹ್ಯಾಂಡಲಿನ ಮೇಲಿರುತ್ತದೆ. ಡಾಬಸ್‌ಪೇಟೆಯ ಸುಮಾರಿಗೆ ಒಮ್ಮೆ ಇಳಿದು, ಮುಖ ತೊಳೆದು, ಕಾಫಿ ಕುಡಿದು, ಊರೊಳಗಿನ ದಟ್ಟಣೆಗೆ ಸಿದ್ಧರಾಗಿ ಹೊರಡಿ. ಮರುದಿನ ಎಷ್ಟೇ ಆಲಸ್ಯವಾದರೂ ಗಾಡಿಯನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಏಕೆಂದರೆ ಕಡಲ ಗಾಳಿಯ ಉಪ್ಪು ಕಡ್ಡಿ, ಸೈಲೆನ್ಸರ್, ಬೋಲ್ಟುಗಳ ಸಂದಿಯಲ್ಲಿ ಕುಳಿತು ತುಕ್ಕು ಹಿಡಿಸುತ್ತದೆ. ಒಣಗಿದ ಮೇಲೆ ಚೈನಿಗೆ ಲ್ಯೂಬ್ ಹಾಕಿ, ಕಟ್ಟಿದ್ದ ಕ್ಲಚ್ ಕೇಬಲನ್ನು ಹಾಗೆಯೇ ಬಿಡಿ. ಆಮೇಲೆ ಒಂದು ಹಾಳೆಯಲ್ಲಿ ಪ್ರತಿ ದಿನ ಹೊರಟ ಹೊತ್ತು, ತಲುಪಿದ ಹೊತ್ತು, ಸಾಗಿದ ದೂರ ಬರೆದು, ಹೊರಡುವ ಮುನ್ನ ಹಾಕಿದ್ದ ಗಂಟೆಗಳ ಪಕ್ಕದಲ್ಲಿಡಿ. ಘಟ್ಟದಲ್ಲಿ ನಿಮ್ಮ ಸರಾಸರಿ 30 ಆಗಿರದೆ 24 ಆಗಿದ್ದರೆ ಮುಂದಿನ ಸುತ್ತಿಗೆ 24ನ್ನೇ ಹಿಡಿಯಿರಿ.